ಅಣ್ಣ ಹಿಡಿದ ಕೈ

ಕ್ಷಮೆಗಿಂತ ದೊಡ್ಡ ಗುಣ ಮನುಷ್ಯನಲ್ಲಿಲ್ಲ. ಹಳಿಯಾಳದ ನಮ್ಮ ಚರ್ಚಿನಲ್ಲಿ ಅದಕ್ಕೆ ಅರ್ಧ ನಿಮಿಷ ಮೀಸಲಿದೆ: ಪೂಜೆಯ ನಡುವೆ ಅಕ್ಕಪಕ್ಕದವರ ಕೈಹಿಡಿದು ಶಾಂತಿ ಕೋರಬೇಕು. ಅವ್ವ ತೀರಿಕೊಂಡಾಗ ಸಿಟ್ಟಿನಲ್ಲಿ ನಾನು ಮಣ್ಣಿಗೆ ಹೋಗಿರಲಿಲ್ಲ. ಆ ಸಿಟ್ಟಿನ ಕಾರಣ ಈಗ ನೆನಪಿಲ್ಲ. ಅಂದಿನಿಂದ ಮಾತು ಬಿಟ್ಟ ಅಣ್ಣ, ಈ ಅರ್ಧ ನಿಮಿಷಕ್ಕೆ ಹೆದರಿಯೇ ಏಳು ಬೆಂಚು ದೂರ ಕೂರುತ್ತಿದ್ದ. ಕಳೆದ ಭಾನುವಾರ ಅವನು ಏಳೂ ಬೆಂಚು ದಾಟಿ ಬಂದು ನನ್ನ ಕೈ ಹಿಡಿದ.

ಪೂಜೆ ಮುಗಿದು ಹೊರಗೆ ಬಂದಾಗ, "ಅಣ್ಣಾ, ಇವತ್ತ ಊಟಕ್ಕ ಮನಿಗೆ ಬರ್ಲೇನು?" ಎಂದೆ.

"ಕ್ಷಮಾ ಮಾಡೇನಿ ತಮ್ಮಾ, ಖರೇನ. ಆದ್ರ ಅವ್ವನ ಫೋಟೋ ಮುಂದ ಕುಂದ್ರಿಸಿ ನಿನಗ ಬಡಸೂದು ಇನ್ನೂ ನನ್ನ ಕೈಲೆ ಆಗೂದಿಲ್ಲ."

ಅವನು ಸುಳ್ಳು ಹೇಳುವವನಲ್ಲ. ಎರಡೂ ಮಾತನ್ನು ನಂಬಿದೆ. ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಒಬ್ಬನೇ ಊಟ ಮಾಡಿದೆ.