ಹೆಸರು ದಾಟಿಸುವ ಬೀಗದಣ್ಣ

ನಾನೇ ಎಲ್ಲೋ ತಪ್ಪು ಒತ್ತಿಬಿಟ್ಟೆನೆ? ಇಲ್ಲ, ಮೂರು ಸಲ ನೋಡಿಯೇ ಕಳಿಸಿದ್ದು. ಹಾಗಾದರೆ ಸತ್ತವರು ಬಂದು ಬೇಡ ಎಂದುಬಿಟ್ಟರೇ? ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಜೆರಾಕ್ಸ್ ಅಂಗಡಿಯ ಹಿಂಬದಿಯಲ್ಲಿ, ಪರದೆಯ ಆಚೆ, ಕಂಪ್ಯೂಟರಿನ ಮುಂದೆ ಕೂತವರು ಮುಖಕ್ಕೆ ನೀರು ಕೂಡ ಹಾಕಿಕೊಂಡಿಲ್ಲ. ತೆರೆಯ ಮೇಲೆ ಒಂದೇ ಸಾಲು: ವರ್ಗಾವಣೆಯನ್ನು ಮಾಲೀಕರು ತಡೆದಿದ್ದಾರೆ. ಆ ಮಾಲೀಕರು ತೀರಿಕೊಂಡು ವರ್ಷವಾಗುತ್ತ ಬಂದಿದೆ.

ಬೀದಿಯವರಿಗೆಲ್ಲ ಇವರು ಬೀಗದಣ್ಣ. ಅಂಗಡಿ, ಶಾಲೆ, ಸಂಘಗಳಿಗೆ ಅಂತರ್ಜಾಲದಲ್ಲಿ ಒಂದೊಂದು ವಿಳಾಸವಿರುತ್ತದಲ್ಲ, ಆ ಹೆಸರಿಗೆ ಡೊಮೈನ್ ಎನ್ನುತ್ತಾರೆ. ಅದನ್ನು ಯಾವುದಾದರೂ ನೋಂದಣಿ ಕಂಪನಿಯಲ್ಲಿ ಆಗಾಗ ನವೀಕರಿಸುತ್ತಿರಬೇಕು. ಮರೆತು ಕೈಬಿಟ್ಟರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಅವಧಿ ಮುಗಿಯುವ ಹೊತ್ತಿಗೆ ಗಾಬರಿಬಿದ್ದು ಓಡಿಬರುವವರ ಹೆಸರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ದಾಟಿಸುವುದು ಇವರ ಕೆಲಸ. ಕಳ್ಳರು ಸಾಗಿಸದಿರಲೆಂದು ಹಳೆಯ ಕಂಪನಿ ಹೆಸರಿಗೆ ಬೀಗ ಹಾಕಿರುತ್ತದೆ. ಬಂದವರನ್ನು ಇವರು ಕೇಳುವ ಮೊದಲ ಮಾತು, "ಬೀಗ ತೆಗೆದ್ರಾ?" ಅಡ್ಡಹೆಸರು ಅಂಟಿದ್ದು ಅಲ್ಲಿಂದ. ಒಮ್ಮೆ ಯಾರೋ ಬೀರುವಿನ ಬೀಗವನ್ನೇ ಹೊತ್ತು ತಂದಿದ್ದರಂತೆ. ವಾಪಸು ಕಳಿಸಲು ಮನಸ್ಸಾಗದೆ, ಬೀಗದಣ್ಣನೇ ಅವರನ್ನು ಮೂಲೆಯ ಬೀಗದಂಗಡಿಗೆ ಕರೆದೊಯ್ದು ಬಿಟ್ಟುಬಂದರು.

ಅಂಗಡಿಯ ಮುಂಭಾಗದ ಜೆರಾಕ್ಸ್ ಯಂತ್ರ ಹೆಂಡತಿಯದು. "ಊರವರ ಹೆಸರೆಲ್ಲ ಉಳಿಸ್ತಾರೆ, ನಾನು ಹೇಳಿದ ಸಾಮಾನು ಮಾತ್ರ ದಾರೀಲೇ ಮರೀತಾರೆ" ಎಂದು ಆಕೆ ಪರದೆಯ ಈಚೆಯಿಂದಲೇ ಚುಚ್ಚುತ್ತಾರೆ. ಬೀಗದಣ್ಣನ ಮಾತೇ ಕಡಿಮೆ. ಮೊದಲು ಇವರಿಗೆ ನೋಂದಣಿ ಕಂಪನಿಯೊಂದರಲ್ಲಿ ಫೋನ್ ಎತ್ತುವ ಕೆಲಸವಿತ್ತು. "ಹೆಸರು ಹೋಯ್ತು ಅಂತ ಜನ ಅಳೋರು. ನಾವು 'ದಯವಿಟ್ಟು ಕಾಯಿರಿ' ಅನ್ಬೇಕು. ಅಷ್ಟೇ ಹೇಳಿಕೊಟ್ಟಿದ್ರು. ಕಾದ್ರೆ ಏನೂ ಆಗಲ್ಲ ಅಂತ ನಂಗೊತ್ತಿತ್ತು. ಒಂದಿನ ಆ ಮಾತು ಬಾಯಿಂದ ಹೊರಡ್ಲೇ ಇಲ್ಲ, ಎದ್ದು ಬಂದೆ."

ಈಗ ದಿನಕ್ಕೆ ಮೂರೋ ನಾಲ್ಕೋ ಹೆಸರು. ಕೆಲಸ ಕೆಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ. ಸರಿಯಾದರೆ ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ನಿನ್ನೆ ತೆರೆದುಕೊಂಡ ವಿಳಾಸ ಇವತ್ತೂ ತೆರೆದುಕೊಳ್ಳುತ್ತದೆ, ಅಷ್ಟೆ.

ಇವತ್ತು ಬೆಳಗ್ಗೆ ಅಡ್ಡಬಿದ್ದಿರುವುದು ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಹೆಸರು. ಗಂಡ ಹೋದ ಮೇಲೆ ಅಂಗಡಿ ನಡೆಸುತ್ತಿರುವುದು ಹೆಂಡತಿ. ಹಳೆಯ ಯಂತ್ರಗಳ ಬಿಡಿಭಾಗ ಬೇಕೆಂದು ದೂರದೂರದ ದರ್ಜಿಗಳು ಬರೆಯುವುದು ಆ ವಿಳಾಸಕ್ಕೇ. ಅದು ಹೋದರೆ ಅಂಗಡಿಯೂ ಹೋದಂತೆ. ಹೆಸರು ನೋಂದಣಿಯಾಗಿರುವ ಕಂಪನಿ ಮುಚ್ಚುವ ಸ್ಥಿತಿಯಲ್ಲಿದೆ. ಫೋನ್ ಎತ್ತುವುದಿಲ್ಲ, ನವೀಕರಿಸಲು ಹೋದರೆ ಪುಟವೇ ತೆರೆಯುವುದಿಲ್ಲ. ನಾಡಿದ್ದು ಅವಧಿ ಮುಗಿಯುತ್ತದೆ.

"ಮೊದ್ಲು ಅವರ ಹೆಸರು ತೆಗೆದು ನಂದು ಹಾಕ್ಬಿಡಿ" ಎಂದಿದ್ದರು ಅಂಗಡಿಯಮ್ಮ, ಬಂದ ದಿನ.

"ಈಗ ಮುಟ್ಬೇಡಿ ಅಕ್ಕ. ಮಾಲೀಕರನ್ನ ಬದಲಾಯಿಸಿದ್ರೆ ಎರಡು ತಿಂಗಳು ಕದಲೋಕೆ ಬಿಡಲ್ಲ. ಅವರೇ ದಾಟಿಸ್ಲಿ."

"ಅವರೆಲ್ಲಿದ್ದಾರೆ ದಾಟಿಸೋಕೆ?"

"ಏನೂ ಮಾಡ್ಬೇಕಾಗಿಲ್ಲ. ಅವರಿಗೊಂದು ಮೇಲ್ ಹೋಗುತ್ತೆ. ಬೇಡ ಅನ್ನದಿದ್ರೆ ಐದು ದಿನಕ್ಕೆ ಒಪ್ಪಿಗೆ ಅಂತಲೇ ಲೆಕ್ಕ."

ಅಂಗಡಿಯಮ್ಮ ಆಗ ನಕ್ಕುಬಿಟ್ಟಿದ್ದರು. "ಬದುಕಿದ್ದಾಗ್ಲೂ ಅದೇ ಕಥೆ. ಬಾಯಿ ಬಿಡದಿದ್ರೆ ಒಪ್ಪಿದ್ರು ಅಂತ ನಾನೇ ತಿಳ್ಕೋತಿದ್ದೆ."

ಪುಣ್ಯಕ್ಕೆ ಈ ಹೆಸರಿಗೆ ಬೀಗ ಬಿದ್ದಿರಲಿಲ್ಲ, ದಾಟಿಸಲು ಬೇಕಾದ ಗುಪ್ತ ಕೋಡ್ ಅಂಗಡಿಯ ಕಂಪ್ಯೂಟರಿನಲ್ಲೇ ಸಿಕ್ಕಿತು. ಗಂಡನ ಮೇಲ್ ಪೆಟ್ಟಿಗೆಯ ಪಾಸ್‌ವರ್ಡ್ ಮಾತ್ರ ಅವರೊಂದಿಗೇ ಹೋಗಿತ್ತು. ಹಾಗಾಗಿ ಮೌನವನ್ನೇ ನಂಬಿ ಕಾದದ್ದಾಯಿತು. ನಾಲ್ಕು ದಿನ ಆ ಪೆಟ್ಟಿಗೆ ಸುಮ್ಮನಿತ್ತು. ಐದನೆಯ ದಿನ, ಇವತ್ತು, ಉತ್ತರ ಕೊಟ್ಟಿದೆ.

ಬೀಗದಣ್ಣ ಮತ್ತೆ ಮೊದಲಿನಿಂದ ಅರ್ಜಿ ಹಾಕುತ್ತಾರೆ. ಕಾಯಲು ಈಗ ಐದು ದಿನಗಳಿಲ್ಲ. ಹೌದು ಎಂದು ಒತ್ತುವ ಕೈ ಬೇಕು, ಆ ಕೈ ಈ ಲೋಕದಲ್ಲಿಲ್ಲ. ಅಷ್ಟರಲ್ಲಿ ಅಂಗಡಿಯಮ್ಮ ಧಾವಿಸಿ ಬರುತ್ತಾರೆ. ಹಿಂದೆ ಬಸ್ ಡ್ರೈವರ್ ಸಮವಸ್ತ್ರದಲ್ಲಿ ಅವರ ಮೈದುನ, ಎದೆಯುಬ್ಬಿಸಿಕೊಂಡು.

"ಅಣ್ಣನ ಅಂಗಡಿ ಹೆಸರನ್ನ ಯಾರೋ ಹೊಡ್ಕೊಂಡು ಹೋಗ್ತಿದ್ರು! ಬೆಳಗಿನ ಜಾವ ಮೇಲ್ ನೋಡ್ದೆ, ತಕ್ಷಣ ನಿಲ್ಸಿದೆ. ನೀವು ಗಾಬರಿ ಆಗ್ಬೇಡಿ ಅತ್ತಿಗೆ ಅಂತ ಹೇಳ್ದೆ ಇವರಿಗೂ."

ಜೆರಾಕ್ಸ್ ಯಂತ್ರ ನಿಲ್ಲುತ್ತದೆ. ಅಂಗಡಿಯಮ್ಮ ಬೀಗದಣ್ಣನ ಮುಖ ನೋಡುತ್ತಾರೆ, ಮೈದುನ ಅವರಿಬ್ಬರ ಮುಖ ನೋಡುತ್ತಾನೆ. ದಾಟಿಸುತ್ತಿದ್ದವರು ಇವರೇ ಎಂದು ಅರ್ಥವಾಗುತ್ತಿದ್ದಂತೆ ಅವನ ಭುಜ ಇಳಿಯುತ್ತದೆ.

"ನಿಮ್ಮಣ್ಣನ ಫೋನು ಇನ್ನೂ ಇಟ್ಕೊಂಡಿದ್ದೀಯೇನೋ?"

"ಚಾರ್ಜಿಗೆ ಹಾಕ್ತಿರ್ತೀನಿ ಅತ್ತಿಗೆ. ಸುಮ್ನೆ."

ಬೀಗದಣ್ಣ ಸ್ಟೂಲು ಎಳೆದು ಕೊಡುತ್ತಾರೆ. "ಕೂತ್ಕೊಳ್ಳಿ. ಕಾವಲು ಚೆನ್ನಾಗೇ ಇತ್ತು. ಈಗ ಅದೇ ಫೋನ್ ತೆಗೀರಿ, ಇನ್ನೊಂದು ಮೇಲ್ ಬಂದಿರುತ್ತೆ."

ಬಂದಿದೆ. ಮೈದುನ ಅದನ್ನು ತೆರೆದು, ಹೌದು ಎಂಬಲ್ಲಿಗೆ ಹೆಬ್ಬೆರಳು ತರುತ್ತಾನೆ. "ಒತ್ತಲಾ ಅತ್ತಿಗೆ?"

"ಒತ್ತಪ್ಪ. ನಿಮ್ಮಣ್ಣನೇ ಒತ್ತಿದ ಹಾಗೆ."

ಹತ್ತು ಗಂಟೆಯೊಳಗೆ ಹೆಸರು ಹೊಸ ಕಂಪನಿಗೆ ದಾಟಿದೆ. ಅವಧಿಗೆ ಇನ್ನೊಂದು ವರ್ಷವೂ ಸೇರಿದೆ. ಮಾಲೀಕರ ಜಾಗಕ್ಕೆ ಮುಂದೆ ತನ್ನ ಹೆಸರು ಬರಲಿ ಎನ್ನುತ್ತಾರೆ ಅಂಗಡಿಯಮ್ಮ. "ನಮ್ಮನೆಯವರು ಮಾಡೋದನ್ನ ಮಾಡಿಕೊಟ್ರು. ನೀವೂ ಮಾಡಿದ್ರಿ ತಮ್ಮಾ. ನಿಮ್ಮ ಹೊಟ್ಟೆ ತಣ್ಣಗಿರ್ಲಿ." ಸಂಜೆ ಅವರು ಮತ್ತೆ ಬಂದು, ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೆಟ್ಟು ಕೂತಿದ್ದ ಹೊಲಿಗೆ ಯಂತ್ರವನ್ನು ಬಿಚ್ಚಿ, ಎಣ್ಣೆ ಹಾಕಿ, ನಡೆಸಿಕೊಟ್ಟು ಹೋಗುತ್ತಾರೆ. ಬೀಗದಣ್ಣನ ಹೆಂಡತಿಗೆ ಬೀಗದಣ್ಣನ ಕೆಲಸದ ಮೇಲೆ ಮೊದಲ ಬಾರಿಗೆ ಗೌರವ ಬಂದಿದೆಯಂತೆ.

ನಿಮಗೇನು ಆಸೆ ಎಂದು ಕೇಳಿದರೆ ಬೀಗದಣ್ಣ ಹೇಳುವುದು ಇಷ್ಟೇ. "ಜನ ಒಂದು ತಿಂಗಳು ಮುಂಚೆ ಬಂದ್ರೆ ಸಾಕು. ಎಲ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ಬಹುದು."

ಬಸ್ ನಿಲ್ದಾಣದಲ್ಲಿ ಸಿಕ್ಕ ಮೈದುನ ಬೇರೆಯದನ್ನು ಹೇಳುತ್ತಾನೆ. "ನನ್ನಿಂದ ಅಣ್ಣನ ಹೆಸರೇ ಹೋಗ್ತಿತ್ತು. ಒಂದ್ಮಾತು ಬೈದಿದ್ರೆ ನಂಗೂ ಹಗುರಾಗ್ತಿತ್ತು."

ಬೀಗದಣ್ಣ ಬೈಯಲಿಲ್ಲ. ನೀನು ತಪ್ಪು ಮಾಡಿದೆ ಎಂದು ಅವರು ಅವನಿಗೆ ಯಾವತ್ತೂ ಹೇಳಲಿಲ್ಲ.