ನಾನೇ ಕಟ್ಟಿಸಿದ ಹಗ್ಗ

ಕಳೆದ ಭಾನುವಾರ ಅರಸೀಕೆರೆಯಲ್ಲಿ ಬಸ್ ಹತ್ತಿ ಹೋಗಿ ಒಂದು ನಿಯಮ ಮುರಿಯಲು ನಿಂತೆ. ಆ ನಿಯಮ ಬರಬೇಕೆಂದು ಗಲಾಟೆ ಮಾಡಿದವಳೂ ನಾನೇ.

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನೆನಪಿರಬಹುದು. ಎರಡು ವರ್ಷದ ಹಿಂದೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಯ ಬಗ್ಗೆ ಬರೆದಿದ್ದೆ. ಒಳಗೆ ಕಪ್ಪು ಕಲ್ಲಿನ ಕಂಬಗಳಿವೆ. ಹೊಯ್ಸಳರ ಕಾಲದಲ್ಲಿ ಅದೆಷ್ಟು ಉಜ್ಜಿದ್ದರೋ ಏನೋ, ಇವತ್ತಿಗೂ ಎದುರು ನಿಂತರೆ ಮುಖ ಕಾಣುತ್ತದೆ. ನಮ್ಮ ಹೈಸ್ಕೂಲಿನ ಹುಡುಗಿಯರನ್ನು ಟೂರ್ ಕರೆದುಕೊಂಡು ಹೋದಾಗ ಅಲ್ಲಿ ಕಂಡದ್ದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತ್ತು. ಎಲ್ಲರ ಕೈಯೂ ಕಂಬದ ಮೇಲೆ. ಒಬ್ಬ ಅಪ್ಪ ಮಗುವಿನ ಅಂಗೈಯನ್ನು ಕಲ್ಲಿಗೆ ಒತ್ತಿ ಒತ್ತಿ ಗುರುತು ಮೂಡಿಸುತ್ತಿದ್ದ. ಇನ್ನೊಬ್ಬ ಮಹಾಶಯ ಜೇಬಿನಿಂದ ಬಾಚಣಿಗೆ ತೆಗೆದು ಕ್ರಾಪು ತಿದ್ದಿಕೊಳ್ಳುತ್ತಿದ್ದ. (ತಿದ್ದುವಷ್ಟು ಕೂದಲೂ ಇರಲಿಲ್ಲ, ಆ ಮಾತು ಬೇರೆ.) ಕೈ ತಾಗಿದ ಕಡೆಯೆಲ್ಲ ಕಂಬ ಮಂಕಾಗಿತ್ತು.

ಬಿಡುತ್ತೇನೆಯೇ? ‘ಇದು ಬಸದಿಯೋ, ಹೇರ್ ಕಟಿಂಗ್ ಸಲೂನೋ?’ ಎಂದು ಬರೆದೆ. ‘ಎಂಟುನೂರು ವರ್ಷ ಉಳಿದದ್ದನ್ನು ಎಂಟು ವರ್ಷದಲ್ಲಿ ಸವೆಸಿ ಹಾಕುತ್ತೇವೆ’ ಎಂದೂ ಬರೆದೆ. ಕೆಲವು ತಿಂಗಳಾದ ಮೇಲೆ ಕಂಬಗಳ ಸುತ್ತ ಕಬ್ಬಿಣದ ಗೂಟ ನಿಂತವು, ಗೂಟದಿಂದ ಗೂಟಕ್ಕೆ ಹಗ್ಗ ಬಂತು, ‘ಮುಟ್ಟಬೇಡಿ’ ಎಂಬ ಬೋರ್ಡೂ ಬಂತು. ನಾನು ಬರೆದದ್ದರಿಂದಲೇ ಬಂತೇ? ಗೊತ್ತಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ನಾನು ಹಾಗೆಂದೇ ಹೇಳಿಕೊಂಡು ತಿರುಗಿದೆ. ಕೊಬ್ಬರಿ ಮಂಡಿಯಲ್ಲಿ ಕೂರುವ ನಮ್ಮ ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು, ಹೊಯ್ಸಳರು ಕಟ್ಟಿಸಿದ್ದು ಕಂಬ, ನಮ್ಮನೆಯವರು ಕಟ್ಟಿಸಿದ್ದು ಹಗ್ಗ ಅಂತ. ನನಗೆ ಅದೂ ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಹೋದ ಶುಕ್ರವಾರ ಸ್ಕೂಲಿಗೆ ಫೋನ್ ಬಂತು. ಹಳೇಬೀಡಿನ ಎಸ್‌ಟಿಡಿ ಬೂತಿನಿಂದ ನಂಜತ್ತೆಯ ಮಗ. ನಂಜತ್ತೆ ಎಂದರೆ ನಮ್ಮ ಅಪ್ಪನ ತಂಗಿ, ನನ್ನ ಸೋದರತ್ತೆ. ಬಸ್ತಿಹಳ್ಳಿಗೆ ಮದುವೆಯಾಗಿ ಹೋಗಿ ಅರವತ್ತು ವರ್ಷ ದಾಟಿರಬೇಕು. ಮಗ ರಾಗಿ, ತೆಂಗು ಎಂದು ಹೊಲದಲ್ಲಿರುತ್ತಾನೆ. ಮೊಮ್ಮಗಳು ಸವಿತಾಗೆ ಬರುವ ಗುರುವಾರ ಮದುವೆ. ನಾನು ಬುಧವಾರ ಬರುತ್ತೇನೆಂದು ಹೇಳಿಯೂ ಆಗಿತ್ತು. ಆದರೆ ಅತ್ತೆ ಭಾನುವಾರವೇ ಬರಬೇಕು, ಪೇಪರಿನಲ್ಲಿ ಬರೆಯುವ ಪೆನ್ನನ್ನೂ ತರಬೇಕು ಅಂದಿದ್ದಾರಂತೆ. ಯಾಕೋ ಎಂದರೆ, ‘ಹಗ್ಗದ ವಿಷಯ’ ಅಂದ. ದುಡ್ಡು ಮುಗಿಯಿತೇನೋ, ಲೈನ್ ಕಟ್ ಆಯಿತು.

ಜಾವಗಲ್ ದಾಟಿ ಹಳೇಬೀಡು ಬಂದರೂ ನನಗೆ ಅರ್ಥವಾಗಲಿಲ್ಲ. ಹಗ್ಗಕ್ಕೂ ಮದುವೆಗೂ ಏನು ಸಂಬಂಧ?

ಮನೆಯಲ್ಲಿ ಹಪ್ಪಳ ಒಣಗಲು ಹಾಕಿದ್ದರು. ಸವಿತಾ ಮುಖಕ್ಕೆ ಏನೋ ಕ್ರೀಮು ಬಳಿದುಕೊಂಡು ಕೂತಿದ್ದಳು, ನನ್ನನ್ನು ಕಂಡು ಸೆರಗಿನಿಂದ ಒರೆಸಿಕೊಂಡಳು. ಹುಡುಗಿ ಕಪ್ಪು. ಲಕ್ಷಣವಾದ ಕಪ್ಪು. ಆದರೆ ಬೇಲೂರಿನ ಸ್ಟುಡಿಯೋದವನು ಗಂಡಿನ ಕಡೆಗೆ ಕಳಿಸುವ ಫೋಟೋಗೆ ಟಚಿಂಗ್ ಮಾಡಿ ಅವಳನ್ನು ಬೆಳ್ಳಗೆ ಮಾಡಿಟ್ಟಿದ್ದ. ಹೆಣ್ಣು ನೋಡಲು ಬಂದವರಲ್ಲಿ ಒಬ್ಬ ಹೆಂಗಸು ಫೋಟೋ ನೋಡಿ, ಹುಡುಗಿ ನೋಡಿ, ಮತ್ತೆ ಫೋಟೋ ನೋಡಿದಳಂತೆ. ಹುಡುಗ ಒಪ್ಪಿದ್ದಾನೆ, ಅವನಿಗೆ ಬಣ್ಣದ ಚಿಂತೆಯಿಲ್ಲ. ಆದರೆ ಆ ನೋಟ ಇವಳ ಎದೆಯಲ್ಲಿ ಕೂತುಬಿಟ್ಟಿದೆ. ಎರಡು ತಿಂಗಳಿಂದ ಕ್ರೀಮು ನಿಂತಿಲ್ಲ.

ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಮದುವೆಯ ಕಥೆ ಹೇಳಿದರು. ಅವರೂ ಕಪ್ಪು. ಹದಿನಾಲ್ಕು ವರ್ಷದ ಹುಡುಗಿಯಾಗಿ ಈ ಊರಿಗೆ ಬಂದಾಗ ಬೀದಿಯ ಹೆಂಗಸರು ಬಾಗಿಲಿಗೆ ಬಂದು ನೋಡಿ, ಇವರಿಗೆ ಕೇಳುವಂತೆಯೇ ಮಾತಾಡಿಕೊಂಡರಂತೆ. ಇವರು ಮೂರು ದಿನ ತಲೆ ಎತ್ತಲಿಲ್ಲ. ನಾಲ್ಕನೆಯ ದಿನ ಗಂಡನ ಅಕ್ಕ ಕೈ ಹಿಡಿದು ಬಸದಿಗೆ ಕರೆದುಕೊಂಡು ಹೋದರು. ಅವರು ಕೆಂಡಸಂಪಿಗೆ ಬಣ್ಣದವರಂತೆ. ಇಬ್ಬರೂ ಕಂಬದ ಮುಂದೆ ನಿಂತರು. ಕಲ್ಲೊಳಗೆ ಎರಡು ಮುಖ ಕಂಡವು. ಎರಡೂ ಒಂದೇ ಬಣ್ಣ.

“ನೋಡು, ಇಲ್ಲಿ ನಾನೂ ಅಷ್ಟೇ, ನೀನೂ ಅಷ್ಟೇ ಅಂದ್ರು ಕಣೆ” ಎಂದರು ಅತ್ತೆ. “ಅವತ್ತಿಂದ ನಾನು ಯಾರ ಮುಂದೂ ತಲೆ ತಗ್ಗಿಸ್ಲಿಲ್ಲ.”

ಆಮೇಲೆ ಅದು ಆ ಮನೆಯ ಪದ್ಧತಿಯೇ ಆಯಿತು. ಮನೆಗೆ ಬಂದ ಸೊಸೆಯರು, ಮನೆಯಿಂದ ಹೋಗುವ ಹೆಣ್ಣುಮಕ್ಕಳು, ಎಲ್ಲರಿಗೂ ಮದುವೆಯ ಹೊತ್ತಿಗೆ ಒಂದು ಸಲ ಕಂಬದಲ್ಲಿ ಮುಖ ತೋರಿಸುವುದು. ಪೂಜೆ ಇಲ್ಲ, ಹಾಡು ಇಲ್ಲ. ಹೋಗುವುದು, ನೋಡುವುದು, ಬರುವುದು. ಅತ್ತೆಗೆ ಈಗ ಎರಡೂ ಕಣ್ಣಿಗೆ ಪೊರೆ. ಹೋದ ವಾರ ಸವಿತಾಳನ್ನು ಕರೆದುಕೊಂಡು ಹೋಗಿದ್ದರಂತೆ. ಹಗ್ಗ ಅಡ್ಡ ಬಂತು. ಹಗ್ಗದಾಚೆಯಿಂದ ನೋಡಿದರೆ ಕಂಬದಲ್ಲಿ ಮುಖ ಹುಣಸೇಬೀಜದಷ್ಟು ಕಾಣುತ್ತದೆ. ಅದು ಸವಿತಾಳೋ ಹಿಂದೆ ನಿಂತ ಟೂರಿಸ್ಟೋ ಯಾರಿಗೆ ಗೊತ್ತು?

ನಾನು ನೆಲ ನೋಡುತ್ತಾ ಕೂತೆ. ಬೈದಿದ್ದರೂ ಪರವಾಗಿರಲಿಲ್ಲ. ಅತ್ತೆ ಬೈಯಲಿಲ್ಲ. ನೀನು ಬರೆದಿದ್ದಕ್ಕೆ ಕಟ್ಟಿದ್ದಾರೆ, ನೀನು ಹೇಳಿದರೆ ಬಿಚ್ಚುತ್ತಾರೆ ಎಂಬುದು ಅವರ ಸರಳ ಲೆಕ್ಕ.

ಮಧ್ಯಾಹ್ನ ಮೂವರೂ ಹೊರಟೆವು. ಬಸದಿಯ ಬಾಗಿಲಲ್ಲಿ ಕಾವಲಿನ ಪುಟ್ಟಸ್ವಾಮಿ ಕೂತಿದ್ದ. ಬೇಲೂರಿನ ಕಡೆಯವನು, ಇಲ್ಲಿಗೆ ಬಂದು ಎರಡು ವರ್ಷವಾಗಿದೆ. ಅರಸೀಕೆರೆಯಿಂದ ಬಂದಿದ್ದೇನೆ, ಪೇಪರಿನಲ್ಲಿ ಬರೆಯುತ್ತೇನೆ ಎಂದು ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಅವನ ಮುಖ ಅರಳಿತು. ಒಳಗೆ ಹೋಗಿ ಒಂದು ಹಾಳೆ ತಂದ. ನನ್ನ ಅಂಕಣ! ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದ. ಯಾರಾದರೂ ಹಗ್ಗ ದಾಟಲು ಬಂದರೆ ಇದನ್ನೇ ತೋರಿಸುತ್ತಾನಂತೆ.

ನನ್ನ ಬರಹವನ್ನು ಯಾರೋ ಲ್ಯಾಮಿನೇಟ್ ಮಾಡಿಸಿದ್ದು ಅದೇ ಮೊದಲು. ಖುಷಿಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವಿಷಯ ಹೇಳಿದೆ. ಐದೇ ನಿಮಿಷ, ಮದುವೆಯ ಹುಡುಗಿ, ವಯಸ್ಸಾದವರು ಎಂದೆಲ್ಲ ರಾಗ ಎಳೆದೆ. ಪುಟ್ಟಸ್ವಾಮಿ ಎಲ್ಲವನ್ನೂ ಕೇಳಿಸಿಕೊಂಡು ಹಾಳೆಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. ‘ನನಗೊಬ್ಬನಿಗೆ ಬಿಡಿ, ಐದೇ ನಿಮಿಷ ಎನ್ನುವವರೇ ಎಲ್ಲವನ್ನೂ ಹಾಳು ಮಾಡುವುದು.’ ನನ್ನದೇ ವಾಕ್ಯ. ಎರಡು ವರ್ಷದ ಹಿಂದೆ ಬಹಳ ಚೆನ್ನಾಗಿದೆ ಅನಿಸಿತ್ತು.

“ನೀವೇ ಹಿಂಗಂದ್ರೆ ನಾನು ಬೇರೆಯೋರಿಗೆ ಏನ್ ಹೇಳ್ಲಿ ಮೇಡಂ?” ಅಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಬೇಜಾರಾಗಿತ್ತು ಅವನಿಗೆ.

ಸವಿತಾ ಅಜ್ಜಿಯ ತೋಳು ಹಿಡಿದು ಹೋಗೋಣ ಎಂದಳು. ಕಂಬ ನೋಡದಿದ್ದರೆ ಮದುವೆ ನಿಲ್ಲುತ್ತದೆಯೇ, ಬಿಡಿ ಅಂದಳು. ಕಣ್ಣು ಮಾತ್ರ ಒಳಗಿನ ಕಂಬದ ಮೇಲೇ ಇತ್ತು. ಆಗ ನನಗೆ ಹೊಳೆಯಿತು, ಈ ಪದ್ಧತಿ ಅಜ್ಜಿಯ ಹಟ ಅಂತ ನಾನು ಅಂದುಕೊಂಡಿದ್ದೆ, ಅಲ್ಲ. ಹುಡುಗಿಗೇ ಅದು ಬೇಕಾಗಿತ್ತು. ಅಪರಿಚಿತರ ಮನೆಗೆ ಹೋಗುವ ಮೊದಲು, ಯಾರೂ ಎರಡು ಸಲ ಹೋಲಿಸಿ ನೋಡದ ತನ್ನ ಮುಖವನ್ನು ಒಮ್ಮೆ ತಾನೇ ನೋಡಬೇಕಿತ್ತು. ನಾನು ಕಟ್ಟಿಸಿದ ಹಗ್ಗ ಅದಕ್ಕೇ ಅಡ್ಡ ನಿಂತಿತ್ತು. ನನಗೆ ಅಳು ಬಂತು ಎಂದರೆ ನಗಬೇಡಿ.

ಅತ್ತೆ ಮಾತ್ರ ಅಲುಗಲಿಲ್ಲ. ಮುಟ್ಟುತ್ತೇವೆ ಅಂತ ಯಾರು ಹೇಳಿದ್ದು ಎಂದು ಪುಟ್ಟಸ್ವಾಮಿಯನ್ನೇ ಕೇಳಿದರು. ತಮ್ಮ ಗಂಡನ ಅಕ್ಕ ಒಬ್ಬರನ್ನೂ ಕಂಬ ಮುಟ್ಟಲು ಬಿಟ್ಟವರಲ್ಲ, ಒಳಗೆ ಬಂದ ತಕ್ಷಣ ಕೈ ಹಿಂದೆ ಕಟ್ಟಿಕೊಳ್ಳಬೇಕು, ಬೆರಳು ಮುಂದೆ ಬಂದರೆ ಏಟು ಬೀಳುತ್ತಿತ್ತು ಎಂದರು. ಮುಖ ಕಾಣಲು ಮುಟ್ಟುವುದು ಯಾಕೆ? ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದರೆ ಸಾಕು. ಕಂಬದ ಬುಡದಿಂದ ಎರಡನೆಯ ಹಾಸುಗಲ್ಲು. ಅಲ್ಲಿಂದ ಮುಖ ಪೂರ್ತಿ ಕಾಣುತ್ತದೆ, ಕೈ ಮಾತ್ರ ತಾಗುವುದಿಲ್ಲ.

“ನಿನ್ ಹಗ್ಗ ನಾಕನೇ ಕಲ್ಲಿನ್ ಮೇಲೈತೆ ಕಣಪ್ಪ” ಎಂದರು. “ಎಲ್ಡು ಕಲ್ಲು ಜಾಸ್ತಿ ಆಯ್ತು.”

ಪುಟ್ಟಸ್ವಾಮಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಲ್ಯಾಮಿನೇಷನ್ ಹಾಳೆಯನ್ನು ನನ್ನ ಕೈಗೆ ಕೊಟ್ಟ. ಅವನು ಹಗ್ಗದಡಿ ನುಸುಳಿ ಎರಡನೆಯ ಕಲ್ಲಿನ ಮೇಲೆ ನಿಂತ. ಬಗ್ಗದೆ ಕೈ ಚಾಚಿದ. ಒಂದು ಗೇಣು ಕಡಿಮೆ ಬಿತ್ತು. ಇನ್ನೊಂದು ಸಲ ಚಾಚಿದ. ಆಮೇಲೆ ಕೈ ಇಳಿಸಿದ, ಆದರೆ ಅಲ್ಲಿಂದ ಬರಲಿಲ್ಲ. ಎರಡು ವರ್ಷ ಕಾವಲು ಕಾದವನು ಆ ಕಂಬದಲ್ಲಿ ತನ್ನ ಮುಖ ನೋಡಿಯೇ ಇರಲಿಲ್ಲ. ಕುತ್ತಿಗೆ ಆ ಕಡೆ, ಈ ಕಡೆ ಮಾಡಿ ಮೀಸೆ ನೋಡಿಕೊಂಡ.

ಈಚೆಗೆ ಬಂದು ಗೂಟಗಳನ್ನು ಒಂದೊಂದಾಗಿ ಒಳಕ್ಕೆ ಸರಿಸಿದ, ಹಗ್ಗವನ್ನು ಎರಡನೆಯ ಕಲ್ಲಿನ ಒಳ ಅಂಚಿಗೆ ತಂದ. ಕಸ ಗುಡಿಸುವಾಗ ಗೂಟ ಜರುಗಿಸಲೇಬೇಕಾಗುತ್ತದೆ, ಸಾಹೇಬರು ಕೇಳಿದರೂ ಅದನ್ನೇ ಹೇಳುತ್ತೇನೆ ಎಂದ. ಪೊರಕೆ ಎಲ್ಲೂ ಕಾಣಲಿಲ್ಲ. ನಾವು ಕೇಳಲೂ ಇಲ್ಲ.

ಅತ್ತೆ ಬರಿಗಾಲಿನಲ್ಲಿ ನೆಲ ತಡವುತ್ತಾ ಹೋದರು. ಕಣ್ಣಿಗೆ ಕಾಣದ ಕಲ್ಲಿನ ಅಂಚು ಹೆಬ್ಬೆರಳಿಗೆ ಸಿಕ್ಕಿತು. ಅಲ್ಲಿ ನಿಂತು ಕೈ ಹಿಂದೆ ಕಟ್ಟಿಕೊಂಡರು. ಸವಿತಾಳೂ ಕಟ್ಟಿಕೊಂಡಳು. ಐವತ್ತೆರಡು ವರ್ಷದ, ಇಪ್ಪತ್ತು ವರ್ಷ ಕ್ಲಾಸಿನಲ್ಲಿ ಮಕ್ಕಳಿಗೆ ‘ಕೈ ಕಟ್ಟಿ’ ಎಂದು ಗದರಿದ ಮೇಷ್ಟ್ರಮ್ಮ ನಾನೂ ಕಟ್ಟಿಕೊಂಡೆ. ಬಾಗಿಲಿನ ಬೆಳಕು ನೆಲಕ್ಕೆ ಬಿದ್ದು ನಮ್ಮ ಮುಖಕ್ಕೆ ಬರುತ್ತಿತ್ತು.

ಅತ್ತೆ ಕಂಬದ ಕಡೆಗೇ ಮುಖ ಮಾಡಿ, ಏನು ಕಾಣುತ್ತದೆ ಎಂದು ಕೇಳಿದರು. ಸವಿತಾ ಕತ್ತು ಚಾಚಿ ನೋಡಿದಳು.

“ಮೂರು ಮುಖ ಐತೆ ಅಜ್ಜಿ” ಅಂದಳು. “ಮೂರೂ ನಿನ್ನಂಗೇ ಐತೆ.”

ಅತ್ತೆ ನಕ್ಕರು. ನನಗೆ ಬಣ್ಣದ ವಿಷಯದಲ್ಲಿ ಯಾರೂ ಏನೂ ಅಂದವರಲ್ಲ. ನಾನು ಅಮ್ಮನ ಹಾಗೆ ಬೆಳ್ಳಗೆ, ಮನೆಯಲ್ಲಿ ಅದರ ಹೆಮ್ಮೆಯೂ ಇತ್ತು. ಅಲ್ಲಿ ನಿಂತು ಹುಡುಕಿದೆ, ಅದು ಎಲ್ಲೂ ಕಾಣಲಿಲ್ಲ. ಬಹಳ ಹಗುರವಾಯಿತು. ಸವಿತಾ ಕಣ್ಣು ಒರೆಸಿಕೊಳ್ಳಲಿಲ್ಲ, ಕೈ ಹಿಂದೆ ಕಟ್ಟಿದ್ದಳಲ್ಲ. ಹಾಗೆಯೇ ನೋಡುತ್ತಾ ನಿಂತಳು. ನಾವು ಅವಸರ ಮಾಡಲಿಲ್ಲ. ಪುಟ್ಟಸ್ವಾಮಿ ಬಾಗಿಲಲ್ಲಿ ನಿಂತು, ಬಂದ ಒಂದು ಜೀಪಿನ ಜನಕ್ಕೆ ಸ್ವಲ್ಪ ತಡೆಯಿರಿ ಎಂದು ಹೇಳುತ್ತಿದ್ದದ್ದು ಕೇಳಿಸಿತು.

ಅಲ್ಲೇ ಜಗಲಿಯ ಮೇಲೆ ಕೂತು, ಹಗ್ಗವನ್ನು ಶಾಶ್ವತವಾಗಿ ಎರಡನೆಯ ಹಾಸುಗಲ್ಲಿಗೆ ಸರಿಸಬೇಕೆಂದು ಪುರಾತತ್ವ ಇಲಾಖೆಗೆ ಒಂದು ಅರ್ಜಿ ಬರೆದೆ. ಅತ್ತೆ ತರಲು ಹೇಳಿದ್ದ ಪೆನ್ನಿಗೆ ಕೆಲಸ ಸಿಕ್ಕಿತು. ಅತ್ತೆ ಹೆಬ್ಬೆಟ್ಟು ಒತ್ತಿದರು. ಪುಟ್ಟಸ್ವಾಮಿ, ತಾನೂ ಅಳೆದು ನೋಡಿದ್ದಾಗಿ ಸೇರಿಸಲು ಹೇಳಿ ಸಹಿ ಹಾಕಿದ. ಒಪ್ಪುತ್ತಾರೋ ಇಲ್ಲವೋ, ನೋಡಬೇಕು. ಒಪ್ಪದಿದ್ದರೆ ಮತ್ತೆ ಬರೆಯುತ್ತೇನೆ. ಗಲಾಟೆ ಮಾಡುವುದು ಹೇಗೆಂದು ನನಗೆ ಗೊತ್ತೇ ಇದೆ.

ಸಂಜೆ ಬಸ್ಸಿಗೆ ಹೊರಟಾಗ ಅತ್ತೆಯ ಕಾಲು ಮುಟ್ಟಿ, ತಪ್ಪಾಯಿತು ಎಂದೆ.

“ನೀನ್ ಬರ್ದಿದ್ದು ಸರಿಯಾಗೇ ಐತೆ ಬಿಡೆ” ಎಂದರು. “ಟೂರ್ ಬಂದಿದ್ದ ದಿನ ಇಲ್ಲೇ ಕುಂತ್ಕಂಡು ಕಾಫಿ ಕುಡ್ದೆ. ಒಂದ್ ಮಾತು ಕೇಳಿದ್ರೆ ಹಗ್ಗ ಎಲ್ಲಿ ಕಟ್ಬೇಕು ಅಂತ ನಾನೇ ಹೇಳ್ತಿರ್ಲಿಲ್ವಾ?”

ಬಸ್ಸಿನಲ್ಲಿ ಕೂತು ನೆನಪು ಮಾಡಿಕೊಂಡೆ. ಹೌದು, ಅವತ್ತು ಹುಡುಗಿಯರನ್ನು ಹುಲ್ಲಿನ ಮೇಲೆ ಊಟಕ್ಕೆ ಕೂರಿಸಿ ಅತ್ತೆಯ ಮನೆಗೆ ಓಡಿದ್ದೆ. ಕೋಪದಲ್ಲಿದ್ದೆ, ಬಸದಿಯ ಬಗ್ಗೆ ಬರೆಯಬೇಕೆಂದು ತಲೆಯಲ್ಲಿ ಆಗಲೇ ವಾಕ್ಯಗಳು ಓಡುತ್ತಿದ್ದವು. ಅದರ ಪಕ್ಕದಲ್ಲೇ ಅರವತ್ತು ವರ್ಷ ಬಾಳಿದವರು ಎದುರಿಗೆ ಕೂತಿದ್ದರು. ಇತಿಹಾಸದ ಟೀಚರ್ ನಾನು, ವಿಷ್ಣುವರ್ಧನನ ವಂಶವನ್ನು ನಿದ್ದೆಯಲ್ಲೂ ಹೇಳುತ್ತೇನೆ. ಅವತ್ತು ಅತ್ತೆಯನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: “ಬಿ.ಪಿ. ಮಾತ್ರೆ ತಗೊಂಡ್ರಾ?”

ನೀವು ನಿಮ್ಮ ಮನೆಯ ಹಿರಿಯರನ್ನು ಇವತ್ತು ಏನು ಕೇಳಿದಿರಿ?