ಕರಡಿಯ ತಲೆ ತೆಗೆದವರು

ಗೊಂಬೆ ಮೇಷ್ಟ್ರ ಎರಡೂ ಹೆಗಲ ಮೇಲೆ ನೊಗ ಹೊತ್ತ ಎತ್ತಿಗಿರುವಂಥ ಜಡ್ಡು ಇತ್ತು. ಕಪ್ಪಗೆ, ಅಂಗೈಯಗಲ. ಆಳೆತ್ತರ ಮೀರಿದ ಗೊಂಬೆಯೊಳಗೆ ಹೊಕ್ಕು ಕುಣಿಯುವಾಗ ಅದರ ಬಿದಿರಿನ ಚೌಕಟ್ಟು ವರ್ಷಗಟ್ಟಲೆ ಕೂತು ಆದದ್ದು. ಬನಿಯನ್ ತೊಟ್ಟು ಗೊಂಬೆ ಇಡುವ ಶೆಡ್ಡಿನ ಮುಂದೆ ಬೀಡಿ ಸೇದುತ್ತಿದ್ದಾಗ ಯಾರಾದರೂ ಅದನ್ನೇ ದಿಟ್ಟಿಸಿದರೆ, “ಏನ್ ನೋಡ್ತೀಯ, ಮುಟ್ ನೋಡು, ನೋಯಾಕಿಲ್ಲ” ಎಂದು ಗದರುತ್ತಿದ್ದರು.

ನಾನು ಹೊಳೆನರಸೀಪುರದವಳು. ಡಿಗ್ರಿ ಮುಗಿಸಿ, ಹಾಸನದ ಆಚೆ ಹೆದ್ದಾರಿ ಪಕ್ಕದ ಒಂದು ಮನರಂಜನಾ ಪಾರ್ಕಿನಲ್ಲಿ ಮೈಕಿನ ಕೆಲಸಕ್ಕೆ ಸೇರಿದ್ದೆ. ಭಾನುವಾರದ ಮೆರವಣಿಗೆಗೆ ಅಟ್ಟಣೆಯ ಮೇಲೆ ನಿಂತು ಕಾಮೆಂಟರಿ ಹೇಳುವುದು, ಹಾಡಿನ ಸೌಂಡು ಏರಿಸಿ ಇಳಿಸುವುದು ನನ್ನ ಪಾಲಿನದು. ಆ ಮೆರವಣಿಗೆ ಹುಟ್ಟಿದ್ದೇ ಮೇಷ್ಟ್ರಿಂದ. ಪಾರ್ಕು ಶುರುವಾದಾಗ ನುಗ್ಗೇಹಳ್ಳಿಯಿಂದ ತಮ್ಮ ಗಾರುಡಿ ಗೊಂಬೆಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು, ಅರಕಲಗೂಡಿನ ಚಿಟ್ಟಿಮೇಳದ ವಾದ್ಯದವರನ್ನು ಮುಂದೆ ಬಿಟ್ಟು, ಗೇಟಿನಿಂದ ಕೊಳದವರೆಗೆ ನಡೆದವರು ಅವರು. ಕೆಲವು ವರ್ಷಕ್ಕೆ ಮೇಳದವರನ್ನು ಬಿಡಿಸಿ ಸ್ಪೀಕರ್ ಹಾಕಿದರು. ಆಮೇಲೆ ರಾಜ ರಾಣಿ ಗೊಂಬೆಗಳೂ ಶೆಡ್ಡಿನಲ್ಲಿ ಗೆದ್ದಲಿಗೆ ಬಿದ್ದವು. ಸ್ಪಂಜಿನ ಕರಡಿ, ಮೊಲ, ಬಾತುಕೋಳಿ ಬಂದವು. ಜನ ಕೇಳುವುದು ಇದನ್ನೇ ಎಂದರು ಮ್ಯಾನೇಜರು. ಯಾವ ಜನ ಕೇಳಿದ್ದರೋ ನಾನಂತೂ ಕಾಣೆ.

ಮೇಷ್ಟ್ರಿಗೆ ಕರಡಿ ವೇಷ ಕೊಟ್ಟರು. ಅರವತ್ತರ ಹತ್ತಿರದ ಮನುಷ್ಯ ಬೈದುಕೊಂಡೇ ಅದರೊಳಗೆ ಇಳಿಯುತ್ತಿದ್ದರು. “ಗೊಂಬೇಲಿ ಒಟ್ಟೆತಾವ ಕಿಂಡಿ ಇತ್ತು, ಗಾಳಿ ಆಡ್ತಿತ್ತು. ಇದು ಆಸ್ಗೆ ಸುತ್ಕಂಡಂಗೆ. ಗೊಂಬೆ ಒರೋನ್ಗೆ ಮೊಕ ಬ್ಯಾಡ ಕಣವ್ವ, ಉಸ್ರು ಬೇಕು” ಎನ್ನುತ್ತಿದ್ದರು.

ಗೊಂಬೆ ಕುಣಿತದ ಒಂದು ಪದ್ಧತಿಯನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ನಡೆಯುತ್ತಾ ನಡೆಯುತ್ತಾ ಮುಂದಿನಿಂದ “ಓಯ್” ಎಂದು ಕೂಗುವರು. ವೇಷದೊಳಗಿನ ಒಬ್ಬೊಬ್ಬರೂ ಸರದಿಯಲ್ಲಿ “ಓ” ಎನ್ನಬೇಕು. ಯಾರಾದರೂ ಓಗೊಡದಿದ್ದರೆ ಮೆರವಣಿಗೆ ಅಲ್ಲೇ ನಿಲ್ಲಬೇಕು. ಈ ಕೂಗಾಟದಿಂದ ಹಾಡು ಕೆಡುತ್ತದೆ ಎಂದು ಮ್ಯಾನೇಜರು ನನಗೆ ಸೌಂಡು ಏರಿಸಲು ಹೇಳಿದರು. ಏರಿಸಿದೆ. ಮೇಷ್ಟ್ರು ನನ್ನ ಕಡೆ ತಿರುಗಿ ಕೈ ಬೀಸಿ ಬೈದರು. ಏನು ಬೈದರೋ ಆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

ಬೇಸಿಗೆ ರಜೆಯ ಒಂದು ಭಾನುವಾರ. ಜನ ಇರುವೆಯಂತೆ ಮುತ್ತಿದ್ದರು. ಮೆರವಣಿಗೆ ಮುಗಿದ ಕೂಡಲೇ ಇನ್ನೊಂದು ಸುತ್ತು ಹೊರಡಲಿ ಎಂದು ಆರ್ಡರಾಯಿತು. “ಅರ್ಧ ಗಂಟೆ ತಡೀರಿ ಸಾ, ಒಳ್ಗಿರೋರು ಮನುಸ್ರು” ಎಂದು ಮೇಷ್ಟ್ರು ಜಗಳ ತೆಗೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಳದ ಹತ್ತಿರ ಬರುತ್ತಲೇ ಮೊಲ ಎರಡು ಹೆಜ್ಜೆ ತೂರಾಡಿ ಮಗ್ಗುಲಿಗೆ ಬಿತ್ತು. ಒಳಗಿದ್ದವಳು ಬಾಗೂರಿನ ಹೆಣ್ಣುಮಗಳು. ನನ್ನ ವಾಕಿಟಾಕಿಯಲ್ಲಿ ಮ್ಯಾನೇಜರ ದನಿ ಬಂತು: “ಮೇಡಂ, ಶೋನಲ್ಲಿ ಇರೋದೇ ಹೀಗೆ ಅಂತ ಏನಾದ್ರೂ ಹೇಳಿ. ಬೇಗ.”

ಹೇಳಿದೆ. “ನೋಡಿ ಮಕ್ಕಳೇ, ಮೊಲಕ್ಕೆ ನಿದ್ದೆ ಬಂದುಬಿಟ್ಟಿದೆ! ಎಲ್ಲರೂ ಚಪ್ಪಾಳೆ ತಟ್ಟಿ ಎಬ್ಬಿಸೋಣ!”

ಮಕ್ಕಳು ತಟ್ಟಿದರು. ದೊಡ್ಡವರು ಮೊಬೈಲು ಹಿಡಿದರು. ಇದನ್ನು ಬರೆಯುವಾಗಲೂ ನನ್ನ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸುತ್ತದೆ.

ಮಕ್ಕಳ ಕಣ್ಣೆದುರು ವೇಷದ ತಲೆ ತೆಗೆಯಬಾರದು ಎಂಬುದು ಪಾರ್ಕಿನ ಮೊದಲ ನಿಯಮ. ಮೇಷ್ಟ್ರು ಕರಡಿಯ ತಲೆ ಕಿತ್ತು ನೆಲಕ್ಕೆ ಅಪ್ಪಳಿಸಿದರು. ಬೆವರಿಗೆ ಅಂಟಿದ ನರೆಗೂದಲು, ಕೆಂಪಗಾದ ಕಣ್ಣು. “ನಿದ್ದೆ ಅಲ್ಲ ಕಣ್ರೋ, ಸಾಯ್ತಾವ್ಳೆ! ಸರೀರಿ ಅತ್ಲಾಗೆ! ಯಾರಾನಾ ನೀರು ತಗಂಬನ್ನಿ!” ಮಕ್ಕಳು ಕಿಟಾರನೆ ಕಿರುಚಿಕೊಂಡರು. ಮೇಷ್ಟ್ರು ಮೊಲದ ತಲೆಯನ್ನೂ ಕಿತ್ತು, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಗೇಟಿನ ಕಡೆ ಓಡಿದರು. ಅವಳು ಉಳಿದಳು.

ಮಾರನೆಯ ದಿನ ಅವರನ್ನು ಕೆಲಸದಿಂದ ತೆಗೆದರು. ಮಕ್ಕಳಿಗೆ ಭಯ ಹುಟ್ಟಿಸಿದರಂತೆ! ನಡೆದದ್ದೇನು ಎಂದು ಆಫೀಸಿನಲ್ಲಿ ನನ್ನನ್ನು ಕೇಳಿದಾಗ ತಲೆ ತಗ್ಗಿಸಿ ನಿಂತೆ. ಮೇಷ್ಟ್ರು ಹೊರಡುವಾಗ ಹೇಳಿದರು: “ಆ ಮ್ಯಾನೇಜ್ರು ಎಸಿ ರೂಮ್ನಾಗೆ ಕುಂತಿದ್ದ, ಅವ್ನಿಗೆ ಕಾಣ್ತಿರ್ನಿಲ್ಲ. ನೀನು ಮ್ಯಾಲೆ ನಿಂತಿದ್ದಲ್ಲವ್ವ, ನಿಂಗೆ ಕಾಣ್ತಿತ್ತು.”

ಅಷ್ಟಾದ ಮೇಲೂ ನಾನು ಒಂದು ವರ್ಷ ಅಲ್ಲೇ ಸಂಬಳ ತಿಂದೆ. ಗೇಟಿನ ಬಳಿ ‘ನಮ್ಮ ಮೆರವಣಿಗೆ ನಡೆದು ಬಂದ ದಾರಿ’ ಎಂದು ಬೋರ್ಡು ಹಾಕಿದಾಗ ಬರೆದುಕೊಟ್ಟವಳೂ ನಾನೇ. ನಾನು ಬರೆದ ಮೇಷ್ಟ್ರ ಹೆಸರನ್ನು ಹೊಡೆದುಹಾಕಿ ‘ಸ್ಥಳೀಯ ಕಲಾವಿದರು’ ಎಂದು ಮಾಡಿದರು. ಅದಕ್ಕೂ ಬಾಯಿ ಬಿಡಲಿಲ್ಲ. ಈಗ ಇಷ್ಟು ಕೋಪ ಬರುತ್ತದೆ, ಆಗ ಎಲ್ಲಿ ಹೋಗಿತ್ತೋ.

ಕಳೆದ ತಿಂಗಳು ಮೇಷ್ಟ್ರು ತೀರಿಕೊಂಡರೆಂದು ತಿಳಿದು ನುಗ್ಗೇಹಳ್ಳಿಗೆ ಹೋದೆ. ಅವರನ್ನು ಹೂಳುವ ಗುಂಡಿಯ ಹತ್ತಿರ ಬಾಗೂರಿನವಳು ಇದ್ದಳು. ನನ್ನನ್ನು ನೋಡಿ ಪಕ್ಕಕ್ಕೆ ಬಂದಳು.

“ಅಕ್ಕ, ಅವತ್ತು ನಂಗೆ ಒಳ್ಗಿಂದ ಎಲ್ಲಾ ಕೇಳುಸ್ತಿತ್ತು. ನೀವು ನಿದ್ದೆ ಅಂದಿದ್ದು, ಮಕ್ಳು ಚಪ್ಪಾಳೆ ತಟ್ಟಿದ್ದು. ಕೂಗಾನ ಅಂದ್ರೆ ಬಾಯೇ ಬತ್ತಿರ್ನಿಲ್ಲ.”

ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಕೈಗೆ ಹಾಕಿ, “ಓಗಿ ಅಕ್ಕ, ಆಕ್ಬುಟ್ಟು ಬನ್ನಿ” ಎಂದಳು.